ಡಿ.ಎನ್.ಎ. ಕಣ್ಣಿಗೆ ಕಾಣುತ್ತದೆಯೇ?



2010ರ ಮೇ 22ರ ದಿನವನ್ನು ಮಂಗಳೂರಿನವರು ಮರೆಯಲಾರರು. ಅಂದು ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಬೆಂಕಿಯಲ್ಲಿ ಸುಟ್ಟುಹೋದ ಎಷ್ಟೋ ದೇಹಗಳನ್ನು ಮುಖ ನೋಡಿ ಗುರುತಿಸುವ ಹಾಗಿರಲಿಲ್ಲ. ಆಗ ನೆರವಿಗೆ ಬಂದದ್ದು ಹೈದರಾಬಾದಿನ ಸಿ.ಡಿ.ಎಫ್.ಡಿ. ಎಂಬ ಸಂಸ್ಥೆ ಮಾಡಿದ ಡಿ.ಎನ್.ಎ. ಪರೀಕ್ಷೆ.

ಈ ಡಿ.ಎನ್.ಎ. ಅಂದರೆ ಏನು? ಅದನ್ನು ನಾವು ಕಣ್ಣಾರೆ ನೋಡಬಹುದಾ?

ಒಂದು ಎಳೆ ಕಾಣುವುದಿಲ್ಲ, ರಾಶಿ ಕಾಣುತ್ತದೆ

ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಹೆಚ್ಚುಕಡಿಮೆ ಪ್ರತಿಯೊಂದು ಕೋಶದ ಒಳಗೂ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಸುತ್ತಿ ಮಡಚಿ ಇಟ್ಟಿದೆ. ಇಷ್ಟುದ್ದ ಇದ್ದರೂ ಯಾಕೆ ಕಾಣುವುದಿಲ್ಲ? ಅದು ಅಷ್ಟು ತೆಳು. ಸುಮಾರು 40,000 ಎಳೆಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದು ತಲೆಕೂದಲಿನಷ್ಟು ದಪ್ಪ ಆಗಬಹುದು.

ಆದರೆ ಬೀಡಿ ಕಟ್ಟುವ ನೂಲನ್ನು ನೆನಪು ಮಾಡಿಕೊಳ್ಳಿ. ದೂರದಿಂದ ಒಂದು ಎಳೆ ಕಾಣುವುದಿಲ್ಲ, ನೂಲಿನ ಉಂಡೆ ಕಾಣುತ್ತದೆ. ಹಾಗೆಯೇ ಲಕ್ಷಾಂತರ ಕೋಶಗಳ ಡಿ.ಎನ್.ಎ. ಒಟ್ಟು ಸೇರಿದರೆ ಬರಿಗಣ್ಣಿಗೂ ಕಾಣುತ್ತದೆ.

ಸಂಘದ ಸಭೆಯಲ್ಲೇ ಮಾಡಿ ನೋಡಿ

1. ಒಂದು ಲೋಟ ಕುಡಿಯುವ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕರಗಿಸಿ.
2. ಅದರಿಂದ ಮೂರು ದೊಡ್ಡ ಚಮಚ ನೀರನ್ನು ಬಾಯಿಗೆ ಹಾಕಿ ಒಂದು ನಿಮಿಷ ಚೆನ್ನಾಗಿ ಮುಕ್ಕಳಿಸಿ, ಗಾಜಿನ ಲೋಟಕ್ಕೆ ಉಗುಳಿ. ಕೆನ್ನೆಯ ಒಳಗಿನ ಕೋಶಗಳು ಇದರಲ್ಲಿ ಬಂದಿರುತ್ತವೆ.
3. ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ ಹಾಕಿ, ನೊರೆ ಬಾರದ ಹಾಗೆ ಮೆಲ್ಲಗೆ ಕಲಸಿ. ಐದು ನಿಮಿಷ ಬಿಡಿ.
4. ಮೆಡಿಕಲ್ ಶಾಪಿನ ಸ್ಪಿರಿಟನ್ನು ಮೊದಲೇ ಫ್ರಿಜ್‌ನಲ್ಲಿ ತಣ್ಣಗೆ ಮಾಡಿಟ್ಟಿರಿ. ಲೋಟವನ್ನು ಓರೆ ಹಿಡಿದು, ನೀರು ಇದ್ದಷ್ಟೇ ಸ್ಪಿರಿಟನ್ನು ಬದಿಯಿಂದ ನಿಧಾನ ಇಳಿಸಿ. ಅದು ಮೇಲೆಯೇ ನಿಲ್ಲಬೇಕು.

ಕೆಲವು ನಿಮಿಷಗಳಲ್ಲಿ ನಡುವಿನಿಂದ ಬಿಳಿ ಎಳೆಗಳು ಮೇಲೇಳುತ್ತವೆ. ಅದರಲ್ಲಿರುವುದೇ ನಿಮ್ಮ ಡಿ.ಎನ್.ಎ., ಸ್ವಲ್ಪ ಬೇರೆ ಅಂಶವೂ ಅಂಟಿಕೊಂಡಿರುತ್ತದೆ.

ಕಾರಣ ಸರಳ. ಕೋಶದ ಪೊರೆಯಲ್ಲಿ ಕೊಬ್ಬಿನ ಅಂಶ ಇದೆ. ಪಾತ್ರೆಯ ಜಿಡ್ಡು ಬಿಡಿಸುವ ಸೋಪು ಅದನ್ನೂ ಒಡೆಯುತ್ತದೆ. ಡಿ.ಎನ್.ಎ. ಸ್ಪಿರಿಟ್‌ನಲ್ಲಿ ಕರಗುವುದಿಲ್ಲ. ಉಪ್ಪಿನ ಸಹಾಯದಿಂದ ಗಂಟು ಕಟ್ಟಿ ಹೊರಗೆ ಬರುತ್ತದೆ.

ಎಚ್ಚರಿಕೆ: ಸ್ಪಿರಿಟ್‌ಗೆ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೀಪದ ಹತ್ತಿರ ಬೇಡ. ಮಕ್ಕಳ ಕೈಗೆ ಕೊಡಬೇಡಿ, ಕುಡಿಯಲೇಬಾರದು. ಒಬ್ಬೊಬ್ಬರಿಗೆ ಬೇರೆ ಬೇರೆ ಲೋಟ ಇರಲಿ.

ಕಂಡರೆ ಸಾಲದು, ಓದಬೇಕು

ಸಂಘದ ಎಲ್ಲರ ಲೋಟದಲ್ಲೂ ಒಂದೇ ತರದ ಬಿಳಿ ಎಳೆ ಬರುತ್ತದೆ. ಇದು ಯಾರದ್ದು, ಯಾರ ಮಗಳು ಅಂತ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಮುಚ್ಚಿದ ಪಾಸ್‌ಬುಕ್ ನೋಡಿದರೆ ಎಷ್ಟು ಉಳಿತಾಯ ಇದೆ ಅಂತ ಗೊತ್ತಾಗುತ್ತದಾ? ಪುಟ ತೆರೆದು ಓದಬೇಕು, ಅಲ್ವಾ?

ಫ್ರೆಡ್ರಿಕ್ ಮೀಷರ್ ಎಂಬ ಸ್ವಿಸ್ ವೈದ್ಯರು 1869ರಲ್ಲಿ ಜರ್ಮನಿಯಲ್ಲಿ, ಆಸ್ಪತ್ರೆಯ ಗಾಯದ ಪಟ್ಟಿಗಳ ಕೀವಿನಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿದರು. ಆದರೆ ಅದನ್ನು ಓದಿ ವ್ಯಕ್ತಿಯ ಗುರುತು ಹಿಡಿಯುವ ವಿಧಾನವನ್ನು ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದದ್ದು 1984ರಲ್ಲಿ. ನಡುವೆ 115 ವರ್ಷ!

ಡಿ.ಎನ್.ಎ.ಯಲ್ಲಿ ನಾಲ್ಕೇ ಅಕ್ಷರ ಇದ್ದ ಹಾಗೆ. ಅವು ಸುಮಾರು 300 ಕೋಟಿ ಸಲ ಸಾಲಾಗಿ ಬರುತ್ತವೆ. ಹೆಚ್ಚಿನ ಭಾಗ ನಮ್ಮೆಲ್ಲರಲ್ಲೂ ಒಂದೇ. ಬೇರೆ ಬೇರೆ ಇರುವ ಜಾಗಗಳನ್ನು ಮಾತ್ರ ಪ್ರಯೋಗಾಲಯದಲ್ಲಿ ಯಂತ್ರದ ಸಹಾಯದಿಂದ ಓದುತ್ತಾರೆ. ಮಗುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಗಂಡು ಮಗು, ಹೆಣ್ಣು ಮಗು ಎಂಬ ಭೇದ ಇಲ್ಲಿಲ್ಲ. ಆದ್ದರಿಂದಲೇ ತೀರಿಕೊಂಡವರ ಗುರುತಿಗೆ ಅವರ ತಂದೆ, ತಾಯಿ ಅಥವಾ ಮಕ್ಕಳ ರಕ್ತ ಬೇಕಾಗುತ್ತದೆ. ಗಂಡನ ಗುರುತು ಹಿಡಿಯಲು ಹೆಂಡತಿಯ ರಕ್ತ ಮಾತ್ರ ಸಾಲದು. ಮಕ್ಕಳದ್ದೋ ಅತ್ತೆ ಮಾವನದ್ದೋ ಬೇಕು.

ನೆನಪಿಡಿ

ಮಂಗಳೂರಿನ ದುರಂತದಲ್ಲಿ ಪರೀಕ್ಷೆಯ ನಂತರವೂ 12 ದೇಹಗಳು ಯಾರದ್ದೆಂದು ತಿಳಿಯಲಿಲ್ಲ. ಅವರನ್ನು ಕೂಳೂರಿನಲ್ಲಿ, ನದಿಯ ಬದಿಯಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು. ಅಲ್ಲಿ ಸ್ಮಾರಕ ಇದೆ.

ದುಃಖದ ಹೊತ್ತಿನಲ್ಲಿ ಉಂಗುರ, ವಾಚು, ಬಟ್ಟೆ ನೋಡಿ 'ಇದು ನಮ್ಮವರೇ' ಅಂತ ಅನ್ನಿಸುವುದು ಸಹಜ. ಆದರೆ ಒಬ್ಬರ ದೇಹವನ್ನು ಇನ್ನೊಬ್ಬರು ಕೊಂಡುಹೋದರೆ ಎರಡು ಮನೆಗಳು ತಮ್ಮವರನ್ನು ಕಳೆದುಕೊಳ್ಳುತ್ತವೆ. ಅಂಥ ಕಷ್ಟ ಯಾರಿಗೂ ಬಾರದಿರಲಿ. ಬಂದರೆ, ಸ್ವಲ್ಪ ತಡವಾದರೂ ಪರೀಕ್ಷೆಗೆ ಒಪ್ಪಿ, ರಕ್ತ ಕೊಡಿ. ತೀರಿಕೊಂಡವರ ಹಲ್ಲುಜ್ಜುವ ಬ್ರಷ್, ಬಾಚಣಿಗೆ ಬಿಸಾಡಬೇಡಿ, ಅವೂ ಉಪಯೋಗಕ್ಕೆ ಬರುತ್ತವೆ. ರಕ್ತದ ಗುಂಪು ಒಂದೇ ಎಂಬುದು ಗುರುತಿಗೆ ಸಾಕ್ಷಿಯಲ್ಲ. ಈ ಮಾತನ್ನು ನೆರೆಮನೆಯವರಿಗೂ ತಿಳಿಸಿ.