ಊರ ಕಬಡ್ಡಿಗೆ ಯಾವ ರೂಲ್ಸ್? ಟಾಸ್‌ಗೆ ಮೊದಲೇ ಹೇಳಿ
ಕೊಕ್ಕರ್ಣೆ: ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಅಂದ್ರೆ ಅಂಕಣದ ಹೊರಗೂ ಒಂದು ಆಟ ಇದ್ದೇ ಇರುತ್ತದೆ. "ಎಂತ ರೂಲ್ಸ್ ಮಾರಾಯ್ರೆ ಇದು?" ಹಳೆ ಆಟಗಾರರು ಒಂದು ಹೇಳಿದರೆ, ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿದ ಕಾಲೇಜು ಹುಡುಗರು ಇನ್ನೊಂದು ಹೇಳುತ್ತಾರೆ.

2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದಾಗ ರೈಡರ್‌ನನ್ನು ಹಿಡಿದರೆ ಎರಡು ಅಂಕ.

ಗೊಂದಲ ಊರಿನದ್ದು ಮಾತ್ರ ಅಲ್ಲ. 2023ರ ಅಕ್ಟೋಬರ್ 7ರಂದು ಚೀನಾದ ಹ್ಯಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಭಾರತ–ಇರಾನ್ 28–28ರ ಸಮಬಲ. ರೈಡ್‌ಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಹಿಡಿಯಲು ಇರಾನ್ ಆಟಗಾರರೂ ಹಿಂದೆಯೇ ಹೋದರು. ಹಳೆ ನಿಯಮದಂತೆ ಹಿಂದೆ ಹೋದವರೂ ಔಟ್. ಹೊಸದರಲ್ಲಿ ರೈಡರ್ ಮಾತ್ರ ಔಟ್. ಯಾವುದು ಅನ್ವಯ ಅನ್ನೋದೇ ತೀರ್ಮಾನವಾಗದೆ ಆಟ ಸುಮಾರು ಒಂದು ತಾಸು ನಿಂತೇ ಹೋಯ್ತು. ಕೊನೆಗೆ ಭಾರತ 33–29ರಿಂದ ಗೆದ್ದಿತು.

ಅಲ್ಲೇ ಹಾಗಾದರೆ ಊರಿನ ರೆಫ್ರಿ ಪಾಡು ಕೇಳಬೇಕೆ? ಮುಂದೆ ದೊಡ್ಡ ತಂಡದಲ್ಲಿ ಆಡುವ ಆಸೆ ಇರುವ ಹುಡುಗರಿಗೆ ಮೂರನೇ ರೈಡಿನ ಒತ್ತಡ ಊರಲ್ಲೇ ಅಭ್ಯಾಸವಾದರೆ ಒಳ್ಳೆಯದು. ಅದಕ್ಕೆ ಮ್ಯಾಟ್ ಬೇಕಿಲ್ಲ, ಮಣ್ಣಿನ ಅಂಕಣ ಸಾಕು. ಹಳೆ ರೂಲ್ಸೇ ಇರಲಿ ಅಂದರೂ ತಪ್ಪಿಲ್ಲ. ಆದರೆ ಯಾವುದೆಂದು ಪೋಸ್ಟರ್‌ನಲ್ಲೇ ಹಾಕಬೇಕು, ಟಾಸ್‌ಗೆ ಮೊದಲು ಮೈಕ್‌ನಲ್ಲಿ ಹೇಳಬೇಕು. ಬಹುಮಾನಕ್ಕೆ ದುಡ್ಡು ಕೊಡುವ ಅಂಗಡಿಯವರು ಇಷ್ಟು ಕೇಳಿದರೂ ಸಾಕು, ಅರ್ಧ ಜಗಳ ಕಡಿಮೆಯಾದೀತು.