ಆಂಬುಲೆನ್ಸಿನ ಹಿಂಬದಿಯಲ್ಲಿ ಕೂರುವವರು ಯಾರು?



ಜುಲೈ 14 ಸಂತ ಕಮಿಲ್ಲಸ್ ದೆ ಲೆಲ್ಲಿಸ್‌ರ ಹಬ್ಬ. ರೋಗಿಗಳ, ಆಸ್ಪತ್ರೆಗಳ ಹಾಗೂ ದಾದಿಯರ ಪಾಲಕರೆಂದು ಧರ್ಮಸಭೆ ಗೌರವಿಸುವ ಈ ಸಂತರು 1550ರಲ್ಲಿ ಇಟಲಿಯಲ್ಲಿ ಹುಟ್ಟಿದವರು. ಯೌವನದಲ್ಲಿ ಸಿಪಾಯಿಯಾಗಿದ್ದು, ಜೂಜಾಟದಲ್ಲಿ ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡವರು. ಕಾಲಿನ ವಾಸಿಯಾಗದ ಹುಣ್ಣಿಗೆ ಚಿಕಿತ್ಸೆ ಪಡೆಯಲು ರೋಮಿನ ಆಸ್ಪತ್ರೆಗೆ ರೋಗಿಯಾಗಿ ಹೋದವರು, ಕೊನೆಗೆ ರೋಗಿಗಳ ಸೇವಕರೇ ಆಗಿಬಿಟ್ಟರು. ಅವರ ಸಂಗಡಿಗರು ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು 1586ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಅನುಮತಿ ಇತ್ತರು. ಆ ಶಿಲುಬೆ ಧರಿಸಿದವರು ಯುದ್ಧಭೂಮಿಗೂ ಹೋಗಿ ಗಾಯಾಳುಗಳನ್ನು ಆರೈಕೆ ಮಾಡಿದರು. ಗಾಯಾಳು ಆಸ್ಪತ್ರೆಯ ಬಾಗಿಲಿಗೆ ಬರಲೆಂದು ಕಾಯದೆ, ಆರೈಕೆಯೇ ಅವನು ಬಿದ್ದ ಜಾಗಕ್ಕೆ ನಡೆದು ಹೋಯಿತು. ನಾನು ಇಂದು ಬರೆಯಹೊರಟಿರುವುದು ಆ ಕೆಲಸವನ್ನೇ ಇಂದು ಮಾಡುತ್ತಿರುವವರ ಬಗ್ಗೆ, ಹಾಗೂ ಅದಕ್ಕೆ ಸೇರಬಯಸುವ ನಮ್ಮ ಮಕ್ಕಳ ಬಗ್ಗೆ.

ಪಿಯುಸಿ ಫಲಿತಾಂಶ ಬಂದ ಮೇಲೆ ಧರ್ಮಕೇಂದ್ರದ ಕಚೇರಿಗೆ ನಡತೆ ಪತ್ರ ಕೇಳಿಕೊಂಡು ಬರುವವರ ಸಾಲೇ ಹತ್ತುತ್ತದೆ. ನರ್ಸಿಂಗ್, ಬಿ.ಕಾಂ., ಎಂಜಿನಿಯರಿಂಗ್ ಎಂದು ಹೇಳುವವರೇ ಹೆಚ್ಚು. ಈಚೆಗೆ ಒಬ್ಬಿಬ್ಬರು ‘ಇ.ಎಂ.ಟಿ. ಕೋರ್ಸಿಗೆ ಫಾದರ್’ ಎನ್ನತೊಡಗಿದ್ದಾರೆ. ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ. ಪಕ್ಕದಲ್ಲಿ ನಿಂತ ತಾಯಿ ಸಂಕೋಚದಿಂದ ಕೇಳುವ ಪ್ರಶ್ನೆ ಒಂದೇ: ‘ಅದು ಆಂಬುಲೆನ್ಸ್ ಡ್ರೈವರ್ ಕೆಲಸ ಅಲ್ಲವಾ?’

ಅಲ್ಲ. ಡ್ರೈವರ್ ಮುಂದೆ ಕೂರುತ್ತಾನೆ. ಅವನ ಕೆಲಸವೂ ಸಣ್ಣದಲ್ಲ. ಇ.ಎಂ.ಟಿ. ಕೂರುವುದು ಹಿಂಬದಿಯಲ್ಲಿ, ರೋಗಿಯ ತಲೆಯ ಬಳಿ. ನಮ್ಮಲ್ಲಿ ಬಹುಕಾಲ ಆ ಜಾಗ ಖಾಲಿಯೇ ಇತ್ತು. ಆಂಬುಲೆನ್ಸ್ ಎಂದರೆ ಮಲಗಿಸಿಕೊಂಡು ವೇಗವಾಗಿ ಹೋಗುವ ವ್ಯಾನು, ಒಳಗೆ ಅಳುವ ಬಂಧುಗಳು, ಅಷ್ಟೇ. 2005ರಲ್ಲಿ ಹೈದರಾಬಾದಿನಲ್ಲಿ ಇ.ಎಂ.ಆರ್.ಐ. ಸಂಸ್ಥೆ 108 ಸಂಖ್ಯೆಯ ಸೇವೆ ಆರಂಭಿಸಿತು. ಕರ್ನಾಟಕಕ್ಕೆ ಅದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಬಂತು. ಅಂದಿನಿಂದ ಆ ಖಾಲಿ ಜಾಗದಲ್ಲಿ ತರಬೇತಿ ಪಡೆದ ಒಬ್ಬರು ಕೂರತೊಡಗಿದರು. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ನರ್ಸಿಂಗ್ ಓದಿ ಬಂದವರು ಅನೇಕರು. 2015ರಲ್ಲಿ ಬೆಂಗಳೂರಿನಲ್ಲಿ ಬೈಕ್ ಆಂಬುಲೆನ್ಸ್‌ಗಳು ಬಂದಾಗ ಇ.ಎಂ.ಟಿ.ಯೇ ಸವಾರನೂ ಆದ. ಟ್ರಾಫಿಕ್ಕಿನಲ್ಲಿ ವ್ಯಾನು ನಿಂತರೂ ಬೈಕು ನುಸುಳುತ್ತದೆ ಎಂಬ ಲೆಕ್ಕ ಅದು.

ಅವರು ಮಾಡುವುದೇನು? ಮೊದಲು ಉಸಿರಿನ ದಾರಿ ತೆರೆದಿದೆಯೇ, ಉಸಿರಾಡುತ್ತಿದ್ದಾನೆಯೇ, ರಕ್ತ ಸಂಚಾರ ಇದೆಯೇ ಎಂದು ನೋಡುವುದು. ರಕ್ತ ಸೋರುವುದನ್ನು ಒತ್ತಿ ನಿಲ್ಲಿಸುವುದು. ಬಿದ್ದವನ ಕತ್ತಿಗೆ ಪಟ್ಟಿ ಹಾಕಿ, ಬೆನ್ನು ಅಲುಗದಂತೆ ಹಲಗೆಯ ಮೇಲೆ ಸರಿಸುವುದು. ಅಪಘಾತವಾದಾಗ ನಾವು ಸದುದ್ದೇಶದಿಂದಲೇ ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸುತ್ತೇವಲ್ಲ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಅದರಿಂದಲೇ ಕಾಲು ಶಾಶ್ವತವಾಗಿ ಹೋಗಬಹುದು. ಹೃದಯ ನಿಂತವನ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುವುದು. 30 ಸಲ ಒತ್ತಿ 2 ಸಲ ಉಸಿರು ಕೊಡುವುದು. ಇದನ್ನು ಗೊಂಬೆಯ ಮೇಲೆ ಎರಡು ನಿಮಿಷ ಮಾಡಿ ನೋಡಿ, ಬೆವರು ಇಳಿಯುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಅಂಗವನ್ನು ಅಲುಗಾಡಿಸದೆ ವಿಷಹಾರಿ ಔಷಧಿ ಇರುವ ಆಸ್ಪತ್ರೆಗೆ ಒಯ್ಯುವುದು. ಇನ್ನು ಹೆರಿಗೆ! ಘಟ್ಟದ ತಿರುವಿನಲ್ಲಿ, ಕಾಫಿ ತೋಟದ ಮಣ್ಣು ದಾರಿಯಲ್ಲಿ, ಆಂಬುಲೆನ್ಸಿನ ಒಳಗೇ ಹುಟ್ಟುವ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಔಷಧಿಯ ವಿಷಯದಲ್ಲಿ ಇ.ಎಂ.ಟಿ. ಸ್ವಂತ ಬುದ್ಧಿ ಓಡಿಸುವಂತಿಲ್ಲ. ನಿಗದಿಯಾದ ಕ್ರಮವನ್ನು ಪಾಲಿಸಬೇಕು, ಕೇಂದ್ರದಲ್ಲಿರುವ ವೈದ್ಯರನ್ನು ಫೋನಿನಲ್ಲಿ ಕೇಳಬೇಕು. ತಾನು ಏನನ್ನು ಮಾಡಬಾರದು ಎಂಬುದನ್ನು ಕಲಿಯುವುದೂ ಆ ತರಬೇತಿಯ ದೊಡ್ಡ ಭಾಗ.

ಇಂಥ ಕೆಲಸಕ್ಕೆ ಭಾರಿ ಅಂಕ ತೆಗೆದವರೇ ಬೇಕೇ? ಅಮೆರಿಕದ ಪಿಟ್ಸ್‌ಬರ್ಗ್ ನಗರದ ಒಂದು ಸಂಗತಿ ಹೇಳುತ್ತೇನೆ. 1967ರಲ್ಲಿ ಅಲ್ಲಿನ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ಅದುವರೆಗೆ ಆ ನಗರದಲ್ಲಿ ರೋಗಿಗಳನ್ನು ಒಯ್ಯುತ್ತಿದ್ದುದು ಪೊಲೀಸ್ ವ್ಯಾನು, ಇಲ್ಲವೇ ಶವ ಸಾಗಿಸುವವರ ಗಾಡಿ. ಇನ್ನೊಬ್ಬರಿಗೆ ಉಸಿರು ಕೊಟ್ಟು ಬದುಕಿಸುವ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ಡಾ. ಪೀಟರ್ ಸಾಫರ್ ಅದಕ್ಕೆ ತರಬೇತಿಯನ್ನು ಸಿದ್ಧಪಡಿಸಿದರು. ಆದರೆ ಅವರು ತರಬೇತಿ ಕೊಟ್ಟದ್ದು ಯಾರಿಗೆ? ಕೆಲಸವಿಲ್ಲದೆ ಬೀದಿಯಲ್ಲಿದ್ದ, ಯಾರೂ ಕೆಲಸ ಕೊಡಲೊಪ್ಪದ ಕಪ್ಪು ಜನಾಂಗದ ಯುವಕರಿಗೆ. ಕೆಲವರು ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಸುಮಾರು 300 ಗಂಟೆಗಳ ತರಬೇತಿಯ ನಂತರ ಅವರು ಮಾಡಿದ ಕೆಲಸ ಆ ದೇಶದ ಪ್ಯಾರಾಮೆಡಿಕ್ ವ್ಯವಸ್ಥೆಗೇ ಮಾದರಿಯಾಯಿತು. 1975ರಲ್ಲಿ ನಗರಾಡಳಿತ ಆ ಸೇವೆಯನ್ನು ನಿಲ್ಲಿಸಿ ತನ್ನದೇ ಸೇವೆ ಆರಂಭಿಸಿತು. ಹಳಬರಲ್ಲಿ ಹೆಚ್ಚಿನವರು ಅಲ್ಲಿ ಉಳಿಯಲಿಲ್ಲ. ಆ ಕೃತಘ್ನತೆಯ ಕಥೆ ಬೇರೆಯೇ. ‘ನನ್ನ ಮಗ ದಡ್ಡ, ಅವನಿಗೆ ಇದೆಲ್ಲ ಆಗದು ಫಾದರ್’ ಎಂದು ಮಗನ ಎದುರಿಗೇ ಹೇಳುವ ತಂದೆಯರಿಗೆ ಈ ಯುವಕರ ನೆನಪಿರಲಿ ಎಂದು ಇಷ್ಟು ಬರೆದೆ.

ಈಗ ಅರ್ಜಿಯ ವಿಷಯಕ್ಕೆ ಬರೋಣ. ದಾರಿಗಳು ಹಲವು. ರಾಷ್ಟ್ರೀಯ ಕೌಶಲ ವ್ಯವಸ್ಥೆಯಡಿ ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿ ರೂಪಿಸಿದ ಇ.ಎಂ.ಟಿ. ‘ಬೇಸಿಕ್’ ಮತ್ತು ‘ಅಡ್ವಾನ್ಸ್ಡ್’ ಎಂಬ ಕೆಲವೇ ತಿಂಗಳುಗಳ ಕೋರ್ಸುಗಳಿವೆ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಅನುಕೂಲ. ತುರ್ತು ಚಿಕಿತ್ಸಾ ತಂತ್ರಜ್ಞಾನದಲ್ಲಿ ಬಿ.ಎಸ್‌ಸಿ. ಪದವಿ ಇದೆ, ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಜಿ.ಎನ್.ಎಂ. ಅಥವಾ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಆಂಬುಲೆನ್ಸ್ ಸೇವೆಗೆ ಅರ್ಜಿ ಹಾಕಿ, ಅಲ್ಲಿಯ ತರಬೇತಿ ಪಡೆದು ಸೇರುವುದು ಮತ್ತೊಂದು. ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಕಷ್ಟ ಅವಸರ ಮಾಡದಿದ್ದಲ್ಲಿ ಪದವಿಯ ದಾರಿಯೇ ಒಳ್ಳೆಯದು. 40 ವರ್ಷ ದಾಟಿದ ಮೇಲೆ ಸ್ಟ್ರೆಚರ್ ಎತ್ತಲು ಸೊಂಟ ಒಪ್ಪದಿದ್ದಾಗ ಆಸ್ಪತ್ರೆಯ ತುರ್ತು ವಿಭಾಗದಲ್ಲೋ ಬೋಧನೆಯಲ್ಲೋ ನಿಲ್ಲಲು ಅದು ನೆರವಾಗುತ್ತದೆ. 1880ರಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಸಂಸ್ಥೆ, 1963ರಲ್ಲಿ ಭಾರತದ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್, ಎರಡೂ ನಮ್ಮವೇ. ಆ ವರ್ಷ ಯಾವ ಕೋರ್ಸಿದೆ, ಪ್ರವೇಶ ಹೇಗೆ ಎಂದು ನೇರವಾಗಿ ಅಲ್ಲಿಯೇ ವಿಚಾರಿಸಿ.

ಮಾನ್ಯತೆಯ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಒಂದು ಕುಟುಂಬ ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ನಂಬಿ, ಬಂಗಾರ ಅಡವಿಟ್ಟು ಮಗಳ ಶುಲ್ಕ ಕಟ್ಟಿತು. ವರ್ಷ ಕಳೆದ ಮೇಲೆ ಕೈಗೆ ಬಂದ ಹೊಳೆಯುವ ಪ್ರಮಾಣಪತ್ರವನ್ನು ಯಾವ ಆಸ್ಪತ್ರೆಯೂ ಒಪ್ಪಲಿಲ್ಲ. ಆ ಹುಡುಗಿ ಆಂಬುಲೆನ್ಸಿನ ಒಳಗನ್ನು ಒಂದು ದಿನವೂ ಕಂಡಿರಲಿಲ್ಲ. ಎಲ್ಲವೂ ಕಪ್ಪು ಹಲಗೆಯ ಮೇಲೆಯೇ ಮುಗಿದಿತ್ತು. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಕೇಳಿ: ಪ್ರಮಾಣಪತ್ರ ಕೊಡುವವರು ಯಾರು, ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿ? ಯಾವ ಆಸ್ಪತ್ರೆಯಲ್ಲಿ ಎಷ್ಟು ವಾರ ಅಭ್ಯಾಸ? ಆಂಬುಲೆನ್ಸಿನಲ್ಲಿ ಎಷ್ಟು ಪಾಳಿ? ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ತಂದಿದ್ದು, ಪ್ಯಾರಾಮೆಡಿಕ್ ವೃತ್ತಿಯೂ ಅದರ ಪಟ್ಟಿಯಲ್ಲಿದೆ. ವೃತ್ತಿಗೆ ನೋಂದಣಿ ಎಂಬುದೊಂದು ಬರುವಾಗ ಮಾನ್ಯತೆಯಿಲ್ಲದ ಕಾಗದಕ್ಕೆ ಬೆಲೆ ಇನ್ನೂ ಕಡಿಮೆಯಾಗುತ್ತದೆ. ಗಲ್ಫ್ ಕನಸಿನವರಿಗೂ ಇದೇ ಮಾತು: ಅಲ್ಲಿಯ ಪರವಾನಗಿ ಪರೀಕ್ಷೆಗೆ ಮುನ್ನ ನಿಮ್ಮ ಪ್ರಮಾಣಪತ್ರದ ಮೂಲವನ್ನೇ ಕೆದಕಿ ನೋಡುತ್ತಾರೆ.

ಅರ್ಜಿಯ ಜೊತೆ ಸಾಮಾನ್ಯವಾಗಿ ಕೇಳುವುದು ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ದೈಹಿಕ ಅರ್ಹತೆಯ ವೈದ್ಯ ಪ್ರಮಾಣಪತ್ರ, ಬೇಕಿದ್ದವರಿಗೆ ಜಾತಿ ಆದಾಯ ಪ್ರಮಾಣಪತ್ರ. ಹೆಸರಿನ ಅಕ್ಷರ ಎಲ್ಲ ಕಡೆಯೂ ಒಂದೇ ಇರಲಿ. ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು, ಆಧಾರ್‌ನದು ಮತ್ತೊಂದು. ಇದು ನಮ್ಮ ಮನೆಗಳ ಹಳೆಯ ರೋಗ! ಹೆಪಟೈಟಿಸ್ ಬಿ ಲಸಿಕೆಯನ್ನು ಈಗಲೇ ಆರಂಭಿಸಿ; ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ರಕ್ತದ ನಡುವೆ ಕೆಲಸ ಮಾಡುವವರಿಗೆ ಅದಿಲ್ಲದೆ ಆಗದು. ಅರ್ಜಿಗೆ ಮುಂಚೆಯೇ ಸೇಂಟ್ ಜಾನ್ ಆಂಬುಲೆನ್ಸ್ ಅಥವಾ ರೆಡ್ ಕ್ರಾಸ್‌ನ ಪ್ರಥಮ ಚಿಕಿತ್ಸೆ ತರಗತಿಗೆ ಹೋಗಿ ಬಂದರೆ, ರಕ್ತ ಎಂದರೆ ತಲೆ ತಿರುಗುವವರಾರು ಎಂಬುದು ಕಡಿಮೆ ಖರ್ಚಿನಲ್ಲಿ ತಿಳಿದುಬಿಡುತ್ತದೆ.

ಸಂದರ್ಶನದಲ್ಲಿ ‘ಈ ಕೆಲಸ ಏಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಜನಸೇವೆ ಮಾಡಲು’ ಎಂಬುದು ಎಲ್ಲರ ಉತ್ತರ, ಕೇಳಿ ಕೇಳಿ ಅವರಿಗೂ ಬೇಸರವಾಗಿರುತ್ತದೆ. ನಿಜವನ್ನೇ ಹೇಳಿ. ಅಜ್ಜಿಗೆ ಪಾರ್ಶ್ವವಾಯು ಬಡಿದ ರಾತ್ರಿ ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ ಎಂಬುದು ಕಾರಣವಾಗಿದ್ದರೆ ಅದನ್ನೇ ಹೇಳಿ. ಬೇಗ ಸಂಬಳ ಬೇಕೆಂಬುದೂ ನಾಚಿಕೆಯ ಕಾರಣವಲ್ಲ. ಆದರೆ ಸಂಬಳ ದೊಡ್ಡದಿರುವುದಿಲ್ಲ, ಪಾಳಿ ದೀರ್ಘ, ಕ್ರಿಸ್ಮಸ್ ರಾತ್ರಿಯೂ ಕೆಲಸ ಬೀಳಬಹುದು. 2022ರಲ್ಲಿ ರಾಜ್ಯದ 108 ಸಿಬ್ಬಂದಿ ಸಂಬಳ ಬಾಕಿಗಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ಕೋವಿಡ್ ಕಾಲದಲ್ಲಿ ಅವರನ್ನು ಯೋಧರೆಂದು ಕರೆದು ತಟ್ಟೆ ಬಾರಿಸಿದ ನಾವು ಇದನ್ನು ಓದಿ ಪುಟ ಮಗುಚಿದೆವು. ಇನ್ನೊಂದು ಮಾತು ತಂದೆತಾಯಿಯರಿಗೆ: ಬದುಕಿಸಲಾಗದ ಮಗುವೊಂದನ್ನು ಕೈಯಲ್ಲಿ ಹಿಡಿದ ದಿನ ನಿಮ್ಮ ಮಗನೋ ಮಗಳೋ ಮನೆಗೆ ಬಂದು ಊಟ ಬೇಡವೆನ್ನಬಹುದು. ಆಗ ಬುದ್ಧಿ ಹೇಳಬೇಡಿ, ಪಕ್ಕದಲ್ಲಿ ಕೂತಿರಿ.

ಪ್ರಭು ಹೇಳಿದ ದಯಾಮಯ ಸಮಾರಿತನ ಸಾಮತಿ (ಲೂಕ 10) ನಿಮಗೆಲ್ಲ ಬಾಯಿಪಾಠ. ಒಮ್ಮೆ ಇ.ಎಂ.ಟಿ.ಯ ಕಣ್ಣಿನಿಂದ ಓದಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದು ಸ್ಥಳದಲ್ಲೇ ಚಿಕಿತ್ಸೆ. ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಹೋದದ್ದು ಸಾಗಣೆ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಮತ್ತೆ ಬರುತ್ತೇನೆಂದು ಹೇಳಿದ್ದು ಹಸ್ತಾಂತರ. ಇಂದಿನ ತರಬೇತಿಯ ಕ್ರಮವೂ ಇದೇ. ಆ ಸಮಾರಿತನ ಹೆಸರನ್ನು ಕಾನೂನೂ ಎರವಲು ಪಡೆದಿದೆ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು, ಆಸ್ಪತ್ರೆಗಳು ಕಾಡಬಾರದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ಕರ್ನಾಟಕ ತನ್ನದೇ ‘ಗುಡ್ ಸಮಾರಿಟನ್’ ಕಾಯಿದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ 134ಎ ಎಂಬ ಕಲಮು ಸೇರಿತು. ಹೆಸರು ಹೇಳಲೇಬೇಕೆಂದು ದಾರಿಹೋಕನನ್ನು ಬಲವಂತ ಮಾಡುವಂತಿಲ್ಲ. ಹಾಗಾಗಿ ಆಂಬುಲೆನ್ಸ್ ಬರುವವರೆಗಿನ ಆ ಹತ್ತು ಹದಿನೈದು ನಿಮಿಷ, ಅರ್ಜಿ ಹಾಕದ ನಮ್ಮೆಲ್ಲರ ಪಾಲಿನದು. 108ಕ್ಕೆ ಕರೆ ಮಾಡಿದವರು ಫೋನ್ ಇಡುವ ಮುನ್ನ ಜಾಗದ ಗುರುತನ್ನು ಸರಿಯಾಗಿ ಹೇಳಿ. ‘ಚರ್ಚಿನ ಹತ್ತಿರ’ ಎಂದರೆ ಸಾಲದು, ಯಾವ ಊರಿನ ಚರ್ಚು ಎಂದೂ ಹೇಳಬೇಕು.

ನಡತೆ ಪತ್ರ ಬೇಕಾದವರು ಭಾನುವಾರ ಎರಡನೇ ಬಲಿಪೂಜೆಯ ನಂತರ ಬನ್ನಿ. ಅರ್ಜಿಯ ನಕಲು ಜೊತೆಗಿರಲಿ. ಕೊನೆಯ ದಿನಾಂಕಕ್ಕೆ ಒಂದು ವಾರವಾದರೂ ಉಳಿದಿರಲಿ.