ಟಿ.ವಿ. ಪರದೆಯ ಮೇಲೆ ವಚನ ಪಠಣ

ಶರಣರ ವಚನಗಳನ್ನು 1993ರಲ್ಲಿ ರಾಜ್ಯ ಸರ್ಕಾರವು 15 ಸಂಪುಟಗಳಲ್ಲಿ ಹೊರತಂದಿತು. ಇಂದು ವಚನಗಳು ಗಣಕಯಂತ್ರದಲ್ಲಿಯೂ ಓದಲು ದೊರೆಯುತ್ತವೆ. ಕಣ್ಣು ಮಂಜಾದ ಹಿರಿಯರಿಗಾಗಿ ಅದನ್ನು ಮನೆಯ ಟಿ.ವಿ.ಗೆ ಜೋಡಿಸುವವರಲ್ಲಿ ಅನೇಕರು ‘ನೋ ಸಿಗ್ನಲ್’ ಎಂಬ ಬರಹ ಕಂಡೊಡನೆ ಯಂತ್ರ ಕೆಟ್ಟಿತೆಂದು ಕೈಬಿಡುತ್ತಾರೆ. ನಾವು ಕಂಡಂತೆ ಯಂತ್ರ ಕೆಟ್ಟಿರುವುದು ಅಪರೂಪ.

ಎಚ್.ಡಿ.ಎಂ.ಐ. ಕೇಬಲ್ಲು ಟಿ.ವಿ.ಯ ಎಷ್ಟನೆಯ ಕಿಂಡಿಯಲ್ಲಿದೆಯೋ ಅದೇ ಸಂಖ್ಯೆಯನ್ನು ರಿಮೋಟಿನ ‘ಸೋರ್ಸ್’ ಗುಂಡಿಯಿಂದ ಆರಿಸಬೇಕು. ಬಳಿಕ ಗಣಕದಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನೂ ‘ಪಿ’ ಕೀಲಿಯನ್ನೂ ಒಟ್ಟಿಗೆ ಒತ್ತಿ ‘ಡೂಪ್ಲಿಕೇಟ್’ ಎಂಬುದನ್ನು ಆರಿಸಿದರೆ ಎರಡೂ ಪರದೆಗಳಲ್ಲಿ ಒಂದೇ ಪುಟ ಮೂಡುತ್ತದೆ. ವಚನ ಗಾಯನ ಗಣಕದಲ್ಲೇ ಉಳಿದು ಟಿ.ವಿ. ಮೂಕವಾಗಿದ್ದರೆ, ಪರದೆಯ ಮೂಲೆಯಲ್ಲಿರುವ ಸ್ಪೀಕರ್ ಚಿಹ್ನೆಯಲ್ಲಿ ಟಿ.ವಿ.ಯ ಹೆಸರನ್ನು ಆರಿಸಬೇಕು.

ವಿ.ಜಿ.ಎ. ಕಿಂಡಿ ಮಾತ್ರವಿರುವ ಹಳೆಯ ಗಣಕಗಳ ಮಾತು ಬೇರೆ. ಅದರಲ್ಲಿ ಚಿತ್ರ ಹರಿಯುತ್ತದೆ, ಧ್ವನಿ ಹರಿಯದು. ಇಂಥವರು ಅಂಗಡಿಯಲ್ಲಿ ಬರಿಯ ಕೇಬಲ್ ಕೊಳ್ಳದೆ, ವಿ.ಜಿ.ಎ.ಯಿಂದ ಎಚ್.ಡಿ.ಎಂ.ಐ.ಗೆ ಪರಿವರ್ತಿಸುವ, ಧ್ವನಿಯ ತಂತಿಯೂ ಇರುವ ಸಾಧನವನ್ನೇ ಕೇಳಿ ಪಡೆಯಬೇಕು. ದಿಕ್ಕು ತಿರುಗಿದ ಸಾಧನ ನೋಡಲು ಹಾಗೆಯೇ ಇರುತ್ತದೆ, ಕೆಲಸಕ್ಕೆ ಬಾರದು.

ಇನ್ನೊಂದು ತೊಡಕು ನಮಗೆ ಹೆಚ್ಚು ನೋವಿನದು. ಕೆಲವು ಟಿ.ವಿ.ಗಳು ಚಿತ್ರವನ್ನು ಹಿಗ್ಗಿಸಿ ಅದರ ಅಂಚನ್ನು ಕತ್ತರಿಸುತ್ತವೆ. ಬಸವಣ್ಣನವರ ವಚನದ ಕೊನೆಯ ಸಾಲಿನ ‘ಕೂಡಲಸಂಗಮದೇವಾ’ ಎಂಬ ಅಂಕಿತವೇ ಮರೆಯಾದೀತು! ಟಿ.ವಿ.ಯ ಚಿತ್ರದ ಅಳತೆಯನ್ನು ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಎಂದಿರಿಸಿದರೆ ಪುಟವೆಲ್ಲ ಕಾಣುತ್ತದೆ. ಅಕ್ಷರ ಇನ್ನೂ ಸಣ್ಣದೆನಿಸಿದರೆ ‘ಕಂಟ್ರೋಲ್’ ಕೀಲಿಯನ್ನು ಒತ್ತಿಹಿಡಿದು, ಹಿರಿಯರು ಸಾಕೆನ್ನುವವರೆಗೆ ಕೂಡುವ ಚಿಹ್ನೆಯ ಕೀಲಿಯನ್ನು ಒತ್ತುತ್ತಿರಬೇಕು.